ಪೇಟಿ ಮಾಸ್ತರರ ಮಗ ಪಿಯಾನೋ ಕೊಂಡದ್ದು

ಬೆಂಜ್ ಸರ್ಕಲ್ ಎಂಬ ಹೆಸರು ಕೇಳಿ, ಅದೇನೋ ಭಾರಿ ದೊಡ್ಡಸ್ತಿಕೆಯ ಜಾಗವಿರಬೇಕು ಎಂದುಕೊಂಡೇ ನಾನು ವಿಜಯವಾಡಕ್ಕೆ ಬಂದಿಳಿದದ್ದು. ಬೆಂಜ್ ಕಾರು ಅಲ್ಲಿ ಕಾಣುವುದು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ. ಉಳಿದಂತೆ ಲಾರಿ, ಆಟೋ, ಬಸ್ಸು, ಹೊಗೆ. ತಲೆಯ ಮೇಲೆ ಎರಡು ಮೇಲ್ಸೇತುವೆಗಳು. ಒಂದು ೨೦೨೦ರಲ್ಲಿ ತೆರೆದದ್ದು, ಅದರ ಜೋಡಿಯದು ೨೦೨೨ರಲ್ಲಿ. ಚೆನ್ನೈ-ಕಲ್ಕತ್ತೆ ಹೆದ್ದಾರಿ ಇಲ್ಲಿ ಪುಣೆ-ಮಚಲೀಪಟ್ಟಣ ಹೆದ್ದಾರಿಯನ್ನು ಅಡ್ಡ ಹಾಯುತ್ತದೆ. ಈ ಎರಡನೆಯ ರಸ್ತೆ ಬೇರೆ ಯಾವುದೂ ಅಲ್ಲ, ನಮ್ಮ ಹುಮನಾಬಾದಿನ ಮುಂದೆ ಹಾದು ಬರುವ ರಸ್ತೆಯೇ! ಅಪ್ಪನಿಗೆ ಇದನ್ನು ಹೇಳಿದಾಗ, "ಹಂಗಾದ್ರ ನೀ ಊರು ಬಿಟ್ಟು ಎಲ್ಲೂ ಹೋಗಿಲ್ಲ ಬಿಡು. ಅದೇ ರೋಡಿನ ಮ್ಯಾಲ ಜರಾ ಮುಂದ ಕುಂತೀದಿ" ಎಂದಿದ್ದರು.

ಆ ರಸ್ತೆ ಹಿಡಿದುಕೊಂಡೇ ಅಪ್ಪ ಕಳೆದ ಕಾರ್ತಿಕದಲ್ಲಿ ಬಂದರು. ಬಂದ ಕಾರಣ ಹೇಳುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಗಲು ನಾನು ಆಟೋನಗರದಲ್ಲಿ ಲಾರಿಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಸಂಜೆ, ಮದುವೆಯ ಕಾಲದಲ್ಲಿ, ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ನುಡಿಸುವವನು. ಮೊದಲನೆಯದು ಹೊಟ್ಟೆಗೆ, ಎರಡನೆಯದು ಯಾವುದಕ್ಕೆ ಎಂದು ಕೇಳಿದರೆ ಈಗಲೂ ನನಗೆ ಸರಿಯಾಗಿ ಹೇಳಲಿಕ್ಕೆ ಬರುವುದಿಲ್ಲ. ನನ್ನ ಹಳೆಯ ಕೀಬೋರ್ಡು ಅರವತ್ತೊಂದು ಪಟ್ಟಿಯದು. ಗುಡಿವಾಡದ ಒಂದು ಮದುವೆಯಲ್ಲಿ, ಮದುಮಗಳು ಮಂಟಪಕ್ಕೆ ಬರುವ ಹೊತ್ತಿಗೆ ಸರಿಯಾಗಿ ಅದರ ನಡುವಿನ ಮಧ್ಯಮ ಸತ್ತುಹೋಯಿತು. ಒತ್ತಿದರೆ ಟಕ್ ಎಂದು ಪ್ಲಾಸ್ಟಿಕ್ ಸದ್ದು, ಅಷ್ಟೆ. ಮಧ್ಯಮವೇ ಇಲ್ಲದ ರಾಗದಲ್ಲಿ ಹಾಡು ಮುಗಿಸಿದೆವು. ನಮ್ಮ ತಂಡದ ಯಜಮಾನರು ಒಳ್ಳೆಯವರು, ಬೈಯಲಿಲ್ಲ. "ಮಾಘದ ಮದುವೆಗಳಿಗೆ ಎಂಬತ್ತೆಂಟು ಪಟ್ಟಿಯ ಒಳ್ಳೇ ಸ್ಟೇಜ್ ಪಿಯಾನೋ ತೊಗೊಂಡು ಬಾ ತಮ್ಮುಡೂ, ಇಲ್ಲವಾದರೆ ಬೇರೆ ಹುಡುಗ ಇದ್ದಾನೆ" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಮೂರು ವರ್ಷ ಉಳಿಸಿದ್ದನ್ನೆಲ್ಲ ಕೂಡಿಸಿದರೂ ಸ್ವಲ್ಪ ಕಡಿಮೆ ಬಿತ್ತು. ಫೋನಿನಲ್ಲಿ ಅಪ್ಪನಿಗೆ ಸುಮ್ಮನೆ ಹೇಳಿದ್ದೆ, ಕೇಳಿರಲಿಲ್ಲ. ಹದಿನೈದು ದಿನಕ್ಕೆ ಅಪ್ಪ ಪಂಡಿತ್ ನೆಹರೂ ಬಸ್ ನಿಲ್ದಾಣದಲ್ಲಿ ಇಳಿದರು. ಧೋತರದ ಗಂಟಿನಲ್ಲಿ ನೋಟುಗಳು. "ಕಾಲುಪೇಟಿ ಕೊಟ್ಟುಬಿಟ್ಟೆ. ಹೈದರಾಬಾದಿನ ಯಾವುದೋ ಹೋಟೆಲಿನವ್ರು, ಬಾಗಿಲದಾಗ ಇಡಲಿಕ್ಕೆ ಬೇಕಂತ. ಹೂವಿನ ಕುಂಡಿ ಇಡ್ತಾರಂತ ಅದರ ಮ್ಯಾಲ" ಎಂದು ಹೇಳಿ, ಚಹ ಎಲ್ಲಿ ಚೊಲೋ ಸಿಗತದ ಎಂದು ಕೇಳಿದರು.

ಓದುಗರಲ್ಲಿ ಕಾಲುಪೇಟಿ ಕಂಡವರು ಎಷ್ಟು ಮಂದಿಯೋ. ಕಾಲಲ್ಲಿ ತಿದಿ ತುಳಿಯುತ್ತ ಎರಡೂ ಕೈಯಲ್ಲಿ ನುಡಿಸುವ ಹಾರ್ಮೋನಿಯಂ ಅದು. ಕಂಪನಿ ನಾಟಕಗಳ ರಂಗದ ಮುಂದೆ ಕೂತು ಇಡೀ ನಾಟಕವನ್ನು ಹೊತ್ತುಕೊಳ್ಳುತ್ತಿದ್ದ ವಾದ್ಯ. ನಟ ಸುರು ತಪ್ಪಿದರೆ ಎತ್ತಿ ಹಿಡಿಯುವುದು, ಮಾತು ಮರೆತರೆ ಒಂದು ಆಲಾಪ ಹಾಕಿ ಕಾಲ ತುಂಬುವುದು, ಎಲ್ಲ ಪೇಟಿ ಮಾಸ್ತರನದೇ ಕೆಲಸ. ಅಪ್ಪ ಹನ್ನೊಂದು ವರ್ಷ ಆ ಕೆಲಸ ಮಾಡಿದರು. ಕಂಪನಿ ಮುಚ್ಚಿದ ಮೇಲೆ ಊರಲ್ಲಿ ಕಿರಾಣಿ ಅಂಗಡಿ, ವಾರಕ್ಕೊಮ್ಮೆ ಭಜನೆ, ದತ್ತ ಜಯಂತಿ ಬಂತೆಂದರೆ ಮಾಣಿಕನಗರದಲ್ಲಿ ರಾತ್ರಿಯೆಲ್ಲ ಸಂಗೀತ ಕೇಳುವುದು.

ನಾನೋ, ಲೆಕ್ಕದ ಮನುಷ್ಯ. ಒಂದು ಕಾಗದಕ್ಕೆ ನಡುವೆ ಗೆರೆ ಎಳೆದು ಈ ಕಡೆ ಯಮಹಾ ಸಿಪಿ ೮೮, ಆ ಕಡೆ ರೋಲ್ಯಾಂಡ್ ಆರ್‌ಡಿ ೮೮ ಎಂದು ಬರೆದು ಸಿದ್ಧವಾಗಿದ್ದೆ. ಮೊದಲನೆಯದು ೨೦೧೯ರ ಮಾದರಿ, ಎರಡನೆಯದು ೨೦೨೦ರದು. ಹೊಸದಾದರೆ ಯಮಹಾ ನನ್ನ ಕೈಗೆ ನಿಲುಕುವಂಥದ್ದಲ್ಲ. ಆದರೆ ಬೆಂಜ್ ಸರ್ಕಲ್ಲಿನ ಹತ್ತಿರದ ಅಂಗಡಿಗೆ ಒಂದು ಚರ್ಚಿನ ಹಾಡುಗಾರರು ತಮ್ಮದನ್ನು ಮಾರಲು ಕೊಟ್ಟಿದ್ದರು. ಈ ಕಡೆಯ ಚರ್ಚುಗಳಲ್ಲಿ ಕೀಬೋರ್ಡಿಗೆ ಇರುವ ಮರ್ಯಾದೆ ನೋಡಬೇಕು ನೀವು. ಆ ವಾದ್ಯದ ಮೇಲೆ ಒಂದು ಗೀರಿಲ್ಲ. ಹೀಗಾಗಿ ಹಳೆಯ ಯಮಹಾ, ಹೊಸ ರೋಲ್ಯಾಂಡ್ ಎರಡೂ ಸುಮಾರು ಒಂದೇ ಬೆಲೆಗೆ ಎದುರುಬದುರು ನಿಂತವು. ಬೆಲೆ ಒಂದಾದಾಗಲೇ ಮನುಷ್ಯನಿಗೆ ನಿಜವಾದ ಸಂಕಟ.

ಅಂಗಡಿಯ ಹುಡುಗ "ಬಾಬಾಯ್ ಗಾರೂ, ಕೂರ್ಚೋಂಡಿ" ಎಂದು ಅಪ್ಪನಿಗೆ ಸ್ಟೂಲು ಹಾಕಿದ. ಅಪ್ಪ ಕೂರಲಿಲ್ಲ, ಮೊದಲು ಸುತ್ತಲೂ ನೋಡಿದರು. "ಗಾಳಿ ಎಲ್ಲಿಂದ ಹೋಗತದ?" ಎಂದರು. ಗಾಳಿ ಇಲ್ಲ ಅಪ್ಪಾ, ನಿಜವಾದ ಪಿಯಾನೋದ ಸ್ವರ ರೆಕಾರ್ಡು ಮಾಡಿ ಒಳಗೆ ತುಂಬಿರುತ್ತಾರೆ, ಪಟ್ಟಿಯನ್ನು ಎಷ್ಟು ಜೋರಾಗಿ ಹೊಡೆದೆ ಅನ್ನೋದನ್ನ ಅಳೆದು ಅದಕ್ಕೆ ತಕ್ಕ ಸ್ವರ ಕೊಡತದ ಎಂದು ವಿವರಿಸಿದೆ. ಯಮಹಾದಲ್ಲಿ ಅದೇ ಕಂಪನಿಯ ಕಛೇರಿ ಪಿಯಾನೋ ಸಿಎಫ್ಎಕ್ಸ್‌ನ ಸ್ವರವೂ ಇದೆ, ವಿಯೆನ್ನಾದ ಬೋಸೆಂಡಾರ್ಫರ್ ಇಂಪೀರಿಯಲ್ಲಿನದೂ ಇದೆ ಎಂದೆ. ಅಪ್ಪನಿಗೆ ವಿಯೆನ್ನಾ ಹಿಡಿಸಲಿಲ್ಲ. ಯಮಹಾ ಎಂಬ ಹೆಸರಿನ ಮೂಲ ಪುರುಷ ತೊರಾಕುಸು ಯಮಹಾ ೧೮೮೭ರಲ್ಲಿ ಜಪಾನಿನ ಹಮಾಮತ್ಸು ಊರಿನ ಶಾಲೆಯ ಒಂದು ರೀಡ್ ಆರ್ಗನ್ ರಿಪೇರಿ ಮಾಡಿ ಈ ಉದ್ಯೋಗಕ್ಕೆ ಬಿದ್ದವನು ಎಂದಾಗ ಮಾತ್ರ ಕಣ್ಣು ಬಿಟ್ಟರು. ರೀಡ್ ಆರ್ಗನ್ ಎಂದರೆ ಕಾಲುಪೇಟಿಯ ದೊಡ್ಡಪ್ಪನ ಮಗನಿದ್ದ ಹಾಗೆ. "ಅಂದ್ರ ಇವ್ರೂ ಪೇಟಿ ರಿಪೇರಿ ಮಂದೀನೇ!" ಎಂದು ಖುಷಿಯಾಗಿ ಕೂತರು. ಪಕ್ಷಪಾತವಾಗಬಾರದೆಂದು, ೧೯೭೨ರಲ್ಲಿ ರೋಲ್ಯಾಂಡ್ ಶುರುಮಾಡಿದ ಕಾಕೆಹಾಶಿ ಕೂಡ ಮೊದಲಿಗೆ ಗಡಿಯಾರ, ರೇಡಿಯೋ ರಿಪೇರಿ ಮಾಡುತ್ತಿದ್ದವನೇ ಎಂದೂ ಹೇಳಿದೆ. "ಗಡಿಯಾರ ಬ್ಯಾರೆ, ಪೇಟಿ ಬ್ಯಾರೆ" ಎಂದರು.

ಹುಡುಗ ಮೊದಲು ಯಮಹಾ ನುಡಿಸಿ ತೋರಿಸಿದ. ಅದಕ್ಕೆ ತನ್ನದೇ ಸ್ಪೀಕರ್ ಇಲ್ಲ, ಅಂಗಡಿಯ ದೊಡ್ಡ ಆಂಪ್ಲಿಫೈಯರಿಗೆ ಜೋಡಿಸಿದ್ದ. ಗೋಡೆಯೇ ಹಾಡಿದಂತಾಯಿತು. ಆಮೇಲೆ ರೋಲ್ಯಾಂಡ್, ಅದಕ್ಕೆ ಒಳಗೇ ಎರಡು ಚಿಕ್ಕ ಸ್ಪೀಕರ್ ಇರುವುದರಿಂದ ಹಾಗೇ ನುಡಿಸಿದ. ಇಲಿ ಹಾಡಿದಂತಾಯಿತು. ನಾನು ಮನಸ್ಸಿನಲ್ಲೇ ಯಮಹಾಕ್ಕೆ ದುಡ್ಡು ಎಣಿಸಿಬಿಟ್ಟಿದ್ದೆ. ಅಪ್ಪ ಕೈ ಎತ್ತಿದರು. "ಇದ್ಯಾವ ನ್ಯಾಯ? ಒಬ್ಬಗ ಮೈಕು ಕೊಟ್ಟು, ಇನ್ನೊಬ್ಬಗ ಬಾಯಿ ಮುಚ್ಚಿ ಹಾಡು ಅಂದಂಗ ಆತು. ಎರಡಕ್ಕೂ ಒಂದೇ ಡಬ್ಬಿ ಹಚ್ಚು." ಸರಿ, ಎರಡನ್ನೂ ಒಂದೇ ಆಂಪ್ಲಿಫೈಯರಿಗೆ ಹಚ್ಚಿ, ದನಿ ಒಂದೇ ಮಟ್ಟಕ್ಕೆ ತಂದು ಕೇಳಿದೆವು. ಜೋರಾಗಿ ಕೇಳಿದ್ದು ಚೆನ್ನಾಗಿ ಕೇಳಿದಂತೆ ಅನ್ನಿಸುವುದು ಕಿವಿಯ ಹಳೇ ಚಾಳಿ. ಮಟ್ಟ ಒಂದಾದಾಗ ಅಂತರ ಅರ್ಧಕ್ಕರ್ಧ ಕರಗಿತು. ವಾದ್ಯ ಕೊಳ್ಳಹೋಗುವ ಮಿತ್ರರು ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

ಆಮೇಲೆ ಅಪ್ಪನ ಪರೀಕ್ಷೆ. ನನ್ನ ಕಾಗದದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಕಾಳಿ ಎರಡರ ಷಡ್ಜ ಒತ್ತಿ ಹಾಗೇ ಹಿಡಿದುಕೊಂಡರು. ಸ್ಟೂಲಿನ ಕೆಳಗೆ ಅವರ ಬಲಗಾಲು ತನ್ನಷ್ಟಕ್ಕೆ ತಾನೇ ಮೇಲೆ ಕೆಳಗೆ ಆಡುತ್ತಿತ್ತು, ಇಲ್ಲದ ತಿದಿಯನ್ನು ತುಳಿಯುತ್ತಿತ್ತು. ಸ್ವರ ಸಣ್ಣಗಾಗುತ್ತಾ ಸಣ್ಣಗಾಗುತ್ತಾ ಹೋಯಿತು. "ಕೈ ತೆಗೆದಿಲ್ಲಲ್ಲೋ ನಾ, ಯಾಕ ಹೊಂಟದ ಇದು?" ಎಂದರು. ಪೇಟಿಯ ಸ್ವರ ಗಾಳಿ ಇರುವ ತನಕ ನಿಲ್ಲುತ್ತದೆ. ಪಿಯಾನೋದ್ದು ಹುಟ್ಟಿದ ಕ್ಷಣದಿಂದಲೇ ಸಾಯಲಿಕ್ಕೆ ಹತ್ತುತ್ತದೆ. ಸುತ್ತಿಗೆ ತಂತಿಗೆ ಒಮ್ಮೆ ಬಡಿದು ಹಿಂದೆ ಸರಿದರೆ ಮುಗಿಯಿತು. ಅಪ್ಪ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎರಡೂ ವಾದ್ಯಗಳಲ್ಲಿ ಒಂದೊಂದೇ ಸ್ವರ ಒತ್ತಿ, ಅದು ಹೇಗೆ ಸಾಯುತ್ತದೆ ಎಂದು ಕಣ್ಣು ಮುಚ್ಚಿ ಕೇಳುತ್ತಾ ಹೋದರು. ಅಂಗಡಿಗೆ ಬಂದ ಗಿರಾಕಿಗಳು ನಮ್ಮನ್ನೇ ನೋಡುತ್ತಿದ್ದರು. ನನಗೆ ನಾಚಿಕೆ. ಕೊನೆಗೆ ಅಪ್ಪ ಯಮಹಾದ ಮಂದ್ರದ ಒಂದು ಪಟ್ಟಿಯ ಮೇಲೆ ಬೆರಳಿಟ್ಟು, "ಇದು ಚೊಲೋ ಸಾಯತದ" ಎಂದರು. ಆ ತೀರ್ಪಿನಲ್ಲಿ ತಪ್ಪಿಲ್ಲ. ಅದರ ಕೆಳಗಿನ ಸ್ವರಗಳಿಗೆ ಬಾವಿಯ ಆಳವಿತ್ತು.

ಬೆರಳಿಗೂ ಅದೇ ಹಿತ. ಯಮಹಾದ ಬಿಳಿ ಪಟ್ಟಿಗಳ ಒಡಲಲ್ಲಿ ನಿಜವಾದ ಮರವಿದೆ. ರೋಲ್ಯಾಂಡಿನವು ಪ್ಲಾಸ್ಟಿಕ್ಕಿನವು, ಆದರೆ ಜಾಣತನ ಮಾಡಿದ್ದಾರೆ: ಪಟ್ಟಿಯನ್ನು ನಿಧಾನವಾಗಿ ಅದುಮಿದರೆ ತಳದ ಹತ್ತಿರ ಒಂದು ಸಣ್ಣ ತಡೆ ಸಿಗುತ್ತದೆ, ದೊಡ್ಡ ಪಿಯಾನೋದಲ್ಲಿ ಸುತ್ತಿಗೆ ಜಾರಿಕೊಳ್ಳುವಾಗ ಸಿಗುವಂಥದ್ದು. ಪಕ್ಕದ್ದರಲ್ಲಿ ನನ್ನ ಬೆರಳಿಗೆ ಅದು ಸಿಗಲಿಲ್ಲ. ಎರಡರಲ್ಲೂ ಎಡಗಡೆಯ ಪಟ್ಟಿಗಳು ಭಾರ, ಬಲಕ್ಕೆ ಹೋದಂತೆ ಹಗುರ.

ಎಡಗಡೆ ಸ್ವರವನ್ನು ಬಾಗಿಸುವ ಸಾಧನವೊಂದಿರುತ್ತದೆ. ಯಮಹಾದಲ್ಲಿ ಸನ್ನೆ, ರೋಲ್ಯಾಂಡಿನಲ್ಲಿ ಚಕ್ರ. ಅದನ್ನು ಅಪ್ಪನಿಗೆ ತೋರಿಸಿದ್ದು ನನ್ನದೇ ತಪ್ಪು. ಪೇಟಿಯಲ್ಲಿ ಮೀಂಡ್ ಬರುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರಲಾಗುವುದಿಲ್ಲ ಎಂಬುದು ಹಳೆಯ ಆಕ್ಷೇಪಣೆ. ಆಕಾಶವಾಣಿಯವರು ೧೯೪೦ರಲ್ಲಿ ಅದನ್ನು ಹೊರಗಿಟ್ಟದ್ದಕ್ಕೆ ಅದೂ ಒಂದು ಕಾರಣ. ೧೯೭೧ರ ತನಕ ಒಳಗೆ ಬಿಡಲಿಲ್ಲ. ಈ ಕತೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅಪ್ಪ ಚಕ್ರ ತಿರುಗಿಸಿ ಗಾಂಧಾರದಿಂದ ರಿಷಭಕ್ಕೆ ಜಾರಿದರು. ಮತ್ತೆ ಜಾರಿದರು. ಮೂರನೆಯ ಸಲ ಸಣ್ಣ ಹುಡುಗನಂತೆ ನಕ್ಕರು. "ನಮ್ಮ ಮಾಸ್ತರರು ಇರಬೇಕಾಗಿತ್ತು" ಎಂದರು. ಸ್ವರವೇನೋ ಜಾರಿತು, ಆದರೆ ಚೆನ್ನಾಗಿ ಕೇಳಿತೆ ಎಂದರೆ, ನಿಜ ಹೇಳಬೇಕು, ಇಲ್ಲ. ಪಿಯಾನೋದ ಸ್ವರ ಬಾಗಿದರೆ ಟೇಪು ಎಳೆದುಹೋದಂತೆ ಕೇಳುತ್ತದೆ. ನಾನು ಅದನ್ನು ಅಪ್ಪನಿಗೆ ಹೇಳಲಿಲ್ಲ.

ಒಟ್ಟಿನಲ್ಲಿ ಯಮಹಾ ಎಂದು ತೀರ್ಮಾನವಾಯಿತು. ಇನ್ನೂ ಒಂದು ಸಣ್ಣ ಕಾರಣ: ಅದಕ್ಕೆ ಕಂಪ್ಯೂಟರಿಗೆ ಹಾಕುವಂಥ ಮಾಮೂಲು ಕರೆಂಟು ವಯರು ಸಾಕು, ಯಾವ ಹಳ್ಳಿಯಲ್ಲಿ ಮರೆತುಬಂದರೂ ಬೇರೆ ಸಿಗುತ್ತದೆ. ರೋಲ್ಯಾಂಡಿಗೆ ಅದರದೇ ಅಡಾಪ್ಟರ್ ಬೇಕು. ಅದು ಕಳೆದರೆ ಮದುವೆ ಮಂಟಪದಲ್ಲಿ ನಾನು ಬಾಯಿಪಾಟ ಹಾಡಬೇಕಾದೀತು.

ಹುಡುಗ ಯಮಹಾವನ್ನು ಚೀಲಕ್ಕೆ ಹಾಕಿ ನಿಲ್ಲಿಸಿದ. ಅಂಗಡಿಯಿಂದ ರಸ್ತೆಗೆ ಐದಾರು ಮೆಟ್ಟಿಲು. "ಆ ಕಡೆ ನೀ ಹಿಡಿ, ಈ ಕಡೆ ನಾ ಹಿಡೀತೀನಿ, ಒಮ್ಮೆ ನೋಡೂಣು" ಎಂದರು ಅಪ್ಪ. ದುಡ್ಡು ಇನ್ನೂ ಗಂಟಿನಲ್ಲೇ ಇತ್ತು. ಬೇಡ ಅಪ್ಪಾ, ನೀವು ಬಿಡ್ರಿ ಎಂದರೂ ಕೇಳಲಿಲ್ಲ. ಎತ್ತಿದೆವು. ಎರಡನೆಯ ಮೆಟ್ಟಿಲಿಗೆ ಅವರ ಕಡೆಯ ತುದಿ ಮೆಲ್ಲಗೆ ಕೆಳಗಿಳಿಯಿತು. ಅಪ್ಪ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. ಹುಡುಗ ಓಡಿಹೋಗಿ ನೀರು ತಂದ.

"ಎಷ್ಟು ತೂಕ ಇದು?"

ಕಾಗದ ನೋಡಿದೆ. ತೂಕವನ್ನು ನಾನು ಎಲ್ಲಕ್ಕಿಂತ ಕೆಳಗೆ, ಕೊನೆಯ ಸಾಲಿನಲ್ಲಿ ಬರೆದಿದ್ದೆ. ಯಮಹಾ ಹದಿನೆಂಟು ಕಿಲೋ ಆರುನೂರು ಗ್ರಾಂ. ರೋಲ್ಯಾಂಡ್ ಹದಿಮೂರೂವರೆ.

"ಐದು ಕಿಲೋ ಹೆಚ್ಚು. ನಿನ್ನ ರೂಮು ಎಷ್ಟನೇ ಮಾಳಿಗಿ?"

"ಮೂರನೇದು."

"ರಾತ್ರಿ ಮದುವಿ ಮುಗಿಸಿ ಬರೋದು ಎಷ್ಟಕ್ಕ?"

"ಎರಡು. ಒಮ್ಮೊಮ್ಮೆ ಮೂರು."

ಅಪ್ಪ ನೀರು ಕುಡಿದರು. "ನಾ ಹನ್ನೊಂದು ವರ್ಷ ಎತ್ತೀನಿ. ಜಾತ್ರಿಯಿಂದ ಜಾತ್ರಿಗೆ. ಹಮಾಲ ಸಿಕ್ಕರ ಹಮಾಲ, ಇಲ್ಲಂದ್ರ ಮಾಸ್ತರನೇ ಹಮಾಲ. ಕಂಪನಿ ಮುಚ್ಚಿತು ಅಂತ ಎಲ್ಲಾರಿಗೂ ಹೇಳ್ತೀನಲ್ಲ, ಕಂಪನಿ ಮುಚ್ಚಿದ್ದು ಆಮ್ಯಾಲ. ಅದಕ್ಕಿಂತ ಎರಡು ವರ್ಷ ಮೊದಲೇ ನಾ ಬಿಟ್ಟಿದ್ದೆ. ಈ ರಟ್ಟಿ ಮ್ಯಾಲೇಳಲಿಲ್ಲ. ನಿಮ್ಮವ್ವಗ ಮಾತ್ರ ಗೊತ್ತು."

ಈ ಮಾತು ನನಗೆ ಅಲ್ಲಿ, ಬೆಂಜ್ ಸರ್ಕಲ್ಲಿನ ಗದ್ದಲದ ನಡುವೆ, ಮೂವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ತಿಳಿಯಿತು. ಅಂಗಡಿಯಲ್ಲಿ ಅಕ್ಕಿ ಮೂಟೆ ಇಳಿಸುವಾಗ ಅಪ್ಪ ಯಾವಾಗಲೂ ದೂರ ನಿಂತು ಲೆಕ್ಕ ಬರೆಯುತ್ತಿದ್ದರು. ಯಜಮಾನಿಕೆ ಎಂದುಕೊಂಡಿದ್ದೆ ನಾನು.

"ಯಮಹಾ ಚೊಲೋ ಅದಲ್ಲಪ್ಪಾ" ಎಂದೆ, ಏನಾದರೂ ಹೇಳಬೇಕೆಂದು.

"ಚೊಲೋ ಅದ. ಯಾರಿಲ್ಲ ಅಂದ್ರು? ಅದು ಒಂದೇ ಜಾಗದಾಗ ಕೂಡೋ ವಾದ್ಯ. ನೀ ತಿರುಗಾಡೋ ಮನಿಷ್ಯಾ."

ರೋಲ್ಯಾಂಡ್ ಕೊಂಡೆವು. ಆಟೋದಲ್ಲಿ ಅದನ್ನು ಅಡ್ಡ ಹಾಕಿ, ಒಂದು ತುದಿ ಹೊರಗೆ ಚಾಚಿಕೊಂಡಂತೆ, ಮೇಲ್ಸೇತುವೆಯ ಕೆಳಗಿನಿಂದ ಹೊರಟೆವು. ಅಪ್ಪನ ತೊಡೆಯ ಮೇಲೆ ಅಡಾಪ್ಟರಿನ ಡಬ್ಬಿ. ಮೂರು ಮಾಳಿಗೆಯನ್ನು ಒಬ್ಬನೇ ಹೊತ್ತು ಹತ್ತಿದೆ. ರಾತ್ರಿ ಮನೆಯ ಮಾಲೀಕರಿಗೆ ತೊಂದರೆಯಾಗದಂತೆ ಹೆಡ್‌ಫೋನ್ ಹಾಕಿಕೊಂಡು ಅಪ್ಪ ಏನೋ ನುಡಿಸಿದರು. ನನಗೆ ಕೇಳಿದ್ದು ಪಟ್ಟಿಗಳ ಟಕಟಕ, ಮತ್ತು ನೆಲಕ್ಕೆ ತಾಗುವ ಬಲಗಾಲಿನ ಸದ್ದು.

ಆ ಯಮಹಾದ ಮಂದ್ರ ಸ್ವರ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ ಎಂದು ಒಪ್ಪಿಕೊಳ್ಳಬೇಕು. ಅದು ವಾರದೊಳಗೆ ಏಲೂರಿನ ಯಾರಿಗೋ ಮಾರಾಟವಾಯಿತಂತೆ. ಮಾಘದಲ್ಲಿ ಒಂಬತ್ತು ಮದುವೆ ಸಿಕ್ಕವು. ಆಟೋನಗರದ ಕೆಲಸ ಬಿಟ್ಟಿಲ್ಲ. ಬಿಡು ಎಂದೂ ಅಪ್ಪ ಹೇಳಲಿಲ್ಲ, ಬಿಡಬೇಡ ಎಂದೂ ಹೇಳಲಿಲ್ಲ. ಪ್ರತಿ ಮದುವೆಯ ಮರುದಿನ ಬೆಳಿಗ್ಗೆ ಫೋನು ಮಾತ್ರ ತಪ್ಪದೆ ಬರುತ್ತದೆ. ಹೇಗೆ ನುಡಿಸಿದೆ ಎಂದು ಕೇಳುವುದಿಲ್ಲ.

"ಆ ಡಬ್ಬಿ ತಂದಿಯಿಲ್ಲೋ? ಎಲ್ಲಿ ಇಟ್ಟೀದಿ?" ಎಂದು ಕೇಳುತ್ತಾರೆ.