ಉಪ್ಪು-ಲಿಂಬೆ ಮರೆತ ಮುದುಕ

ಉಪ್ಪನ್ನೂ ಲಿಂಬೆಯನ್ನೂ ಮನೆಯಲ್ಲೇ ಬಿಟ್ಟು ದೋಣಿ ಹತ್ತಿದವನನ್ನು ಹೊನ್ನಾವರದ ಕಾಸರಕೋಡ ಟೊಂಕದ ಮೀನುಗಾರರು ಸುಲಭಕ್ಕೆ ಕ್ಷಮಿಸುವುದಿಲ್ಲ. ಅವನ ಕತೆ ಬರೆದವನಿಗೆ ನೊಬೆಲ್ ಬಂದಿದ್ದರೂ ಅಷ್ಟೇ. ಅರ್ನೆಸ್ಟ್ ಹೆಮಿಂಗ್ವೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಬಗ್ಗೆ ನಮ್ಮ ಓದುಗರ ಗುಂಪಿನಲ್ಲಿ ಮೊದಲು ಬಂದ ಅಭಿಪ್ರಾಯವೇ ಇದು. ಹೇಳಿದವಳು ಟೊಂಕದ ಖಾರ್ವಿ ಮನೆಯ ಹುಡುಗಿ, ಬಿ.ಎಡ್. ಓದುತ್ತಿದ್ದಾಳೆ. ಮುದುಕ ಸಾಂತಿಯಾಗೊ ನಡುಗಡಲಿನಲ್ಲಿ ಹಸಿ ಮೀನು ತಿನ್ನಬೇಕಾಗಿ ಬಂದಾಗ ಉಪ್ಪು-ಲಿಂಬೆ ತಂದಿದ್ದರೆ ಎಂದು ಹಲುಬುತ್ತಾನಲ್ಲ, ಆ ಪುಟಕ್ಕೆ ಅವಳು ಬಸ್ ಟಿಕೆಟ್ಟು ಮಡಚಿ ಗುರುತಿಟ್ಟುಕೊಂಡು ಬಂದಿದ್ದಳು. “84 ದಿನ ಮೀನು ಸಿಗದೇ ಇದ್ದದ್ದು ದುರದೃಷ್ಟ ಅಂತೇ ಇಟ್ಕೊಳ್ಳಿ ಸರ್. ಬುತ್ತಿ ಕಟ್ಟಿಕೊಳ್ಳದೇ ಹೋದದ್ದು ಯಾರ ತಪ್ಪು? ಒಂದು ಬಾಟಲಿ ನೀರು ಹಿಡ್ಕೊಂಡು ಅಷ್ಟು ದೂರ ಹೋಗೂದಾ?”

ನಮ್ಮದು ಹೆಸರು, ಫಲಕ, ಅಧ್ಯಕ್ಷರು ಯಾವುದೂ ಇಲ್ಲದ ಗುಂಪು. ಭಟ್ಕಳ ತೆಂಕಕ್ಕೆ, ಕುಮಟೆ ಬಡಗಕ್ಕೆ, ನಡುವೆ ಬೀಳುವುದು ಹೊನ್ನಾವರ. ಹಾಗಾಗಿ ಅಲ್ಲಿನ ಭಟ್ಟರೊಬ್ಬರ ಜಗಲಿಯಲ್ಲಿ ತಿಂಗಳಿಗೊಮ್ಮೆ ಸೇರುತ್ತೇವೆ. ಭಟ್ಟರು ಅಡಿಕೆ ತೋಟದವರು, ತಾಳಮದ್ದಳೆಗಳಲ್ಲಿ ಅರ್ಥ ಹೇಳುವವರು. ಅವರ ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರು. ಕುಮಟೆಯಿಂದ ನಾನೂ ಹಿರಿಯ ಮಾಸ್ತರರೊಬ್ಬರೂ ಟೆಂಪೋ ಹಿಡಿಯುತ್ತೇವೆ. ಭಟ್ಕಳದ ಸಾಹೇಬರು ರೈಲಿಗೆ ಬರುತ್ತಾರೆ. ದುಬೈಯಲ್ಲಿ ಅರ್ಧ ಆಯುಷ್ಯ ಕಳೆದು ಬಂದ ನವಾಯತ ಹಿರಿಯರು. ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಉದ್ದದ ರೈಲುಸೇತುವೆ ದಾಟುವಷ್ಟರಲ್ಲಿ ಎರಡು ಪುಟ ಓದಿ ಮುಗಿಸುತ್ತೇನೆ ಎಂದು ಜಂಬ ಕೊಚ್ಚುತ್ತಾರೆ.

ಹೊನ್ನಾವರದಲ್ಲಿ ಓದುವವರು ಸೇರುವುದು ಹೊಸ ಶೋಕಿಯೇನಲ್ಲ ಎಂದು ನೆನಪಿಸುವವರೂ ಸಾಹೇಬರೇ. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಈ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡದ್ದಾಗಿ ಬರೆದಿಟ್ಟಿದ್ದಾನೆ. ಬೇರೆಲ್ಲೂ ಇಂಥದ್ದನ್ನು ಕಾಣಲಿಲ್ಲ ಅಂತಲೂ ಸೇರಿಸಿದ್ದಾನೆ. ನಮ್ಮ ಮಾಸ್ತರರು ಇದಕ್ಕೆ ಉತ್ತರವಾಗಿ ಗೋಕರ್ಣವನ್ನು ಎಳೆದು ತರುತ್ತಾರೆ. ಅಲ್ಲಿನ ಭದ್ರಕಾಳಿ ಹೈಸ್ಕೂಲಿನಲ್ಲಿ ಪಾಠ ಹೇಳಿಕೊಂಡೇ ಜಗತ್ತಿನ ಸಾಹಿತ್ಯವನ್ನೆಲ್ಲ ಕನ್ನಡಕ್ಕೆ ಪರಿಚಯಿಸಿದ ಗೌರೀಶ ಕಾಯ್ಕಿಣಿ (1912–2002) ಅವರ ಹೆಸರು ಬಂದರೆ ಮಾಸ್ತರರ ಬೆನ್ನು ನೆಟ್ಟಗಾಗುತ್ತದೆ. ಇಷ್ಟು ಪೀಠಿಕೆ ಮುಗಿಯುವ ಹೊತ್ತಿಗೆ ಅಕ್ಕೋರು ಮುರುಗಲ ಪಾನಕ ತಂದಿಡುತ್ತಾರೆ; ಪುಸ್ತಕ ಆಮೇಲೆ.

ನಾನು ಹುಟ್ಟು ಸಸ್ಯಾಹಾರಿ. ಕಡಲಿನಿಂದ ಕೂಗಳತೆಯಲ್ಲಿ ಬೆಳೆದೂ ಮೀನು ತಿಂದದ್ದು ಸಾಹಿತ್ಯದಲ್ಲಿ ಮಾತ್ರ. ಬಂಗಡೆ ಯಾವುದು, ತಾರಲೆ ಯಾವುದು ಎಂದು ಈಗಲೂ ಖಾತ್ರಿಯಿಲ್ಲ. ಕಾಲೇಜಿನಲ್ಲಿ ಈ ಕಾದಂಬರಿ ನಮಗೆ ಪಠ್ಯವಾಗಿತ್ತು. ಅಧ್ಯಾಪಕರು ನೋಟ್ಸ್ ಬರೆಸಿದರು: ಮುದುಕನೆಂದರೆ ಮನುಷ್ಯಕುಲ, ಕಡಲೆಂದರೆ ಬದುಕು, ಶಾರ್ಕ್ ಎಂದರೆ ವಿಧಿ, ಕೊನೆಯಲ್ಲಿ ಪಟದ ಕಂಬ ಹೊತ್ತು ದಿಬ್ಬ ಹತ್ತುವುದೆಂದರೆ ಏಸು ಶಿಲುಬೆ ಹೊತ್ತದ್ದು. ಮೀನೆಂದರೆ ಮೀನು ಎನ್ನುವವರು ಯಾರೂ ಇರಲಿಲ್ಲ. ಹೆಮಿಂಗ್ವೆ ಮಾತ್ರ ಅಂದಿದ್ದ. ಕಲಾವಿಮರ್ಶಕ ಬರ್ನಾರ್ಡ್ ಬೆರೆನ್ಸನ್‌ಗೆ 1952ರಲ್ಲಿ ಬರೆದ ಕಾಗದದಲ್ಲಿ, ಇದರಲ್ಲಿ ಸಂಕೇತ ಗಿಂಕೇತ ಏನೂ ಇಲ್ಲ ಎಂದು ಕೈ ತೊಳೆದುಕೊಂಡಿದ್ದ. ಆ ಕಾಗದದ ಸುದ್ದಿ ನಮ್ಮ ತರಗತಿಗೆ ಬರಲಿಲ್ಲ; ಬಂದಿದ್ದರೆ ಹದಿನೈದು ಅಂಕದ ಪ್ರಶ್ನೆಯ ಗತಿ ಏನಾಗುತ್ತಿತ್ತೋ.

ನನ್ನ ಹತ್ತಿರ ಇರುವ ಪ್ರತಿ ಸೋದರಮಾವನದು. ಮಾವ ಕುಮಟೆಯ ಪೇಟೆಯಲ್ಲಿ ತೆಂಗಿನಕಾಯಿ, ಅಡಿಕೆ ವ್ಯಾಪಾರ ಮಾಡುತ್ತಿದ್ದ. ಮುಂಬಯಿಯಿಂದ ತಂದ ಈ ಪುಸ್ತಕಕ್ಕೆ ಈಗ ರಕ್ಷಾಪುಟವಿಲ್ಲ, ಮೊದಲ ಹಾಳೆ ಗೆದ್ದಲು ತಿಂದಿದೆ. ಒಂದು ಪುಟದ ಅಂಚಿನಲ್ಲಿ ಮಾತ್ರ ಪೆನ್ಸಿಲಿನ ಲೆಕ್ಕವಿದೆ. ಮುದುಕ ಮೀನನ್ನು ಕೊಂದ ಮೇಲೆ ಅದರ ಬೆಲೆ ಕಟ್ಟುವ ಪುಟ ಅದು. ಮೀನಿನ ತೂಕ 1500 ಪೌಂಡಿಗೆ ಮೇಲೆ, ಮೂರರಲ್ಲೆರಡು ಪಾಲು ಮಾಂಸ, ಪೌಂಡಿಗೆ 30 ಸೆಂಟು. ಇದನ್ನು ಲೆಕ್ಕ ಹಾಕಲು ಪೆನ್ಸಿಲ್ ಬೇಕು ಎಂದು ಮುದುಕ ಅಂದುಕೊಳ್ಳುತ್ತಾನೆ. ಮಾವ ಪೆನ್ಸಿಲ್ ತೆಗೆದೇ ಬಿಟ್ಟಿದ್ದಾನೆ! 1000 ಪೌಂಡು, 300 ಡಾಲರ್, ಅದರ ಕೆಳಗೆ 1,428 ರೂಪಾಯಿ. ಅದಕ್ಕೂ ಕೆಳಗೆ ಸಣ್ಣಕ್ಷರದಲ್ಲಿ ‘ದಲಾಲಿ?’ ಎಂದೊಂದು ಪ್ರಶ್ನೆ. ಸಹಕಾರಿ ಸಂಘದಲ್ಲಿ ಲೆಕ್ಕ ಬರೆದೇ ನಿವೃತ್ತನಾದ ನನಗೆ ಇದರಿಂದ ಇನ್ನೊಂದು ವಿಷಯವೂ ತಿಳಿಯಿತು. ಡಾಲರಿಗೆ 4 ರೂಪಾಯಿ 76 ಪೈಸೆಯಂತೆ ಹಿಡಿದರೆ ಮಾತ್ರ ಈ ಮೊತ್ತ ಬರುತ್ತದೆ. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿದು ಡಾಲರು ಏಳೂವರೆ ರೂಪಾಯಿಯಾಯಿತು. ಅಂದರೆ ಮಾವ ಅದಕ್ಕೂ ಮೊದಲೇ ಈ ಪುಟ ಓದಿದ್ದಾನೆ.

ಡಾಲರಿನ ಧಾರಣೆ ಮಾವನಿಗೆ ಬಾಯಿಪಾಠವಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದಲ್ಲಿ ಏನಾದರೂ ಆದರೆ ಕುಮಟೆಯ ಪೇಟೆಗೆ ತಟ್ಟುತ್ತಿದ್ದ ಕಾಲವೊಂದಿತ್ತು. ಧಾರವಾಡ ಕಡೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆ ಬಂದರಿಗೆ ಬಂದು ಹಡಗು ಹತ್ತುತ್ತಿತ್ತು. ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಅದಕ್ಕೆ ನಮ್ಮೂರಿನ ಹೆಸರೇ ಬಿದ್ದಿತ್ತು. 1861ರಿಂದ 1865ರವರೆಗೆ ಅಮೆರಿಕದವರು ಅಂತರ್ಯುದ್ಧದಲ್ಲಿ ಮುಳುಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಬಂದ ಬೆಲೆ ಮತ್ತೆ ಬರಲಿಲ್ಲ. ಅದೇ ಭರಾಟೆಯಲ್ಲಿ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಇದನ್ನೆಲ್ಲ ಜಗಲಿಯಲ್ಲಿ ಹೇಳಲು ಹೊರಟರೆ ಅಕ್ಕೋರು “ಮೀನಿಗೆ ಬನ್ನಿ” ಅನ್ನುತ್ತಾರೆ.

ಬೆಲೆಯ ಮಾತು ಬಂದದ್ದೇ ಟೊಂಕದ ಹುಡುಗಿ ಮತ್ತೆ ಎದ್ದಳು. ಮುದುಕ ಅಷ್ಟೊಂದು ಶಾರ್ಕ್ ಕೊಂದನಲ್ಲ, ಒಂದನ್ನಾದರೂ ಹಗ್ಗ ಹಾಕಿ ಕಟ್ಟಿಕೊಂಡು ಬರಬಾರದಿತ್ತೇ? ಮೋರಿ ಮೀನಿಗೆ ನಮ್ಮಲ್ಲಿ ಬೆಲೆಯಿಲ್ಲವೇ? ಬಾಣಂತಿಗೆ ಎದೆಹಾಲು ಹೆಚ್ಚಲಿ ಅಂತ ಅದರ ಸಾರು ಮಾಡುವುದಿಲ್ಲವೇ? ನಾನು ಪುಸ್ತಕ ತಿರುವಿ ನೋಡಿದೆ. ಅವಳ ಮಾತಿಗೆ ಕಾದಂಬರಿಯಲ್ಲೇ ಆಧಾರವಿದೆ. ಆ ಊರಿನಲ್ಲಿ ಶಾರ್ಕ್ ಹೆಚ್ಚುವ ಕಾರ್ಖಾನೆಯೇ ಇದೆ, ಮುದುಕ ದಿನಾ ಒಂದು ಲೋಟ ಶಾರ್ಕಿನ ಎಣ್ಣೆ ಕುಡಿಯುತ್ತಾನೆ. ವಿಮರ್ಶಕರ ಪುಸ್ತಕಗಳಲ್ಲಿ ಈ ಪ್ರಶ್ನೆ ನಾನು ಎಲ್ಲೂ ಕಂಡಿಲ್ಲ.

ಭಟ್ಟರು ಅಷ್ಟು ಹೊತ್ತು ಕವಳ ಹಾಕಿಕೊಂಡು ಸುಮ್ಮನಿದ್ದರು. ಅವರು ಎಂಥ ಕತೆಯನ್ನೂ ತಾಳಮದ್ದಳೆಯ ಪ್ರಸಂಗವನ್ನಾಗಿ ಮಾಡುವವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಗುಣವಂತೆ ಇಲ್ಲಿಗೆ ಹತ್ತಿರವೇ. ಈ ತಾಲೂಕಿನಲ್ಲಿ ಕೌರವನಿಗೂ ವಕೀಲರು ಸಿಗುತ್ತಾರೆ. ಭಟ್ಟರು ಶಾರ್ಕಿನ ವಕಾಲತ್ತು ವಹಿಸಿದರು. “ಎಲೈ ವೃದ್ಧನೇ, ನೆತ್ತರ ಗಂಧ ಹಿಡಿದು ಬರುವುದು ನನ್ನ ಜಾತಿಧರ್ಮ. ಗಾಳ ನುಂಗಿ ಎರಡು ಹಗಲು ಎರಡು ರಾತ್ರಿ ನರಳಿದವನನ್ನು ಕೊಂದವ ನೀನು, ಸತ್ತದ್ದನ್ನು ತಿಂದವ ನಾನು. ಅವನನ್ನು ಅಣ್ಣಾ ಎಂದು ಕರೆದವ ಯಾರು? ನೀನು. ಅಣ್ಣನಿಗೆ ಈಟಿ ಹಾಕಿದವ ಯಾರು? ಅದೂ ನೀನೇ!” ಮಾಸ್ತರರು ಸಾಂತಿಯಾಗೊ ಆಗಿ ಉತ್ತರ ಕೊಡಬೇಕಿತ್ತು. ಹೊಟ್ಟೆಪಾಡು ಎಂದರು, ಪ್ರೀತಿ ಎಂದರು, ಗಂಟಲು ಕಟ್ಟಿತು ಎಂದರು. ಶಾರ್ಕಿನ ಅರ್ಥವೇ ಮೇಲಾಯಿತು.

ಸಾಹೇಬರಿಗೆ ಮುದುಕನಿಗಿಂತ ಹುಡುಗ ಮನೋಲಿನ್ ಮುಖ್ಯ, ಹುಡುಗನಿಗಿಂತ ಅವನ ಅಪ್ಪ. ಕಾದಂಬರಿಯಲ್ಲಿ ಆ ಅಪ್ಪ ಒಮ್ಮೆಯೂ ಎದುರಿಗೆ ಬರುವುದಿಲ್ಲ. ಮುದುಕನ ದೋಣಿಯಲ್ಲಿ 40 ದಿನ ಮೀನು ಸಿಗದಿದ್ದಾಗ ಮಗನನ್ನು ಬೇರೆ ದೋಣಿಗೆ ಹಾಕಿದವನು ಅವನು. ಓದಿದವರೆಲ್ಲ ಅವನನ್ನು ಕಲ್ಲೆದೆಯವನು ಅನ್ನುತ್ತಾರೆ. “ಖಾಲಿ ದೋಣಿಗೆ ಯಾವ ಅಪ್ಪ ಮಗನನ್ನು ಕಳಿಸ್ತಾನೆ ಹೇಳಿ? ನನ್ನ ಅಬ್ಬಾನೂ ಹತ್ತೊಂಬತ್ತಕ್ಕೇ ನನ್ನನ್ನು ದುಬೈಗೆ ಕಳಿಸಿದರು. ನಾನೂ ಸಿಟ್ಟು ಮಾಡಿಕೊಂಡಿದ್ದೆ. ಈಗ ಆ ಅಪ್ಪನ ಪರವಾಗಿ ಮಾತಾಡಲಿಕ್ಕೆ ಈ ಜಗಲಿಯಲ್ಲಿ ನಾನೊಬ್ಬನೇ ಇದ್ದೇನೆ.” ಅವರ ಮಾತಿಗೆ ಯಾರೂ ಎದುರಾಡಲಿಲ್ಲ. ಪುಸ್ತಕದಲ್ಲಿ ಒಂದೆರಡು ಸಾಲು ಮಾತ್ರ ಸಿಕ್ಕ ಪಾತ್ರಕ್ಕೆ ಆವತ್ತು ಅರ್ಧ ಗಂಟೆ ಸಿಕ್ಕಿತು.

ಮಾಸ್ತರರ ತಕರಾರು ಮುದುಕನ ಒಂಟಿತನದ ಮೇಲೆ. ಅವರು ಚಿಕ್ಕವರಿದ್ದಾಗ ಕುಮಟೆಯ ಕಡಲತೀರದಲ್ಲಿ ರಂಪಣಿ ಎಳೆಯುವುದನ್ನು ಕಂಡವರು. ಬಂಗಡೆಯ ಹಿಂಡು ಬಂತೆಂದರೆ ದೋಣಿಯಲ್ಲಿ ಬಲೆ ಸುತ್ತು ಹಾಕಿ ಬಂದು ಎರಡೂ ತುದಿಯನ್ನು ದಡದಿಂದ ಜನ ಸಾಲುಗಟ್ಟಿ ಎಳೆಯುತ್ತಿದ್ದರು; ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. 1970ರ ದಶಕದ ನಡುವಿಗೆ ಪರ್ಸಿನ್ ಬೋಟುಗಳು ಬಂದು ಹಿಂಡನ್ನು ಕಡಲಿನಲ್ಲೇ ಸುತ್ತುಗಟ್ಟಿ ಎತ್ತಿದ ಮೇಲೆ ರಂಪಣಿ ಸೊರಗಿತು. ಒಬ್ಬನೇ ಹೋಗಿ, ಒಬ್ಬನೇ ಹಿಡಿದು, ಒಬ್ಬನೇ ಕಳೆದುಕೊಳ್ಳುವ ಈ ಶೂರತ್ವ ಅಮೆರಿಕದವರ ಕಲ್ಪನೆ, ನಮ್ಮ ಕಡಲಿನದಲ್ಲ ಎಂದು ಮಾಸ್ತರರು ತೀರ್ಪು ಕೊಟ್ಟರು.

“ಮಾಸ್ತರ್ರೇ, ಕೊನೇ ಪುಟ ಓದಲಿಲ್ವಾ?” ಎಂದಳು ಹುಡುಗಿ. ಮುದುಕ ಮಲಗಿ ಎದ್ದು ನನ್ನನ್ನು ಹುಡುಕಿದರೇ ಎಂದು ಕೇಳುತ್ತಾನೆ. ಹುಡುಕಿದರು, ಕೋಸ್ಟ್ ಗಾರ್ಡ್ ಬಂತು, ವಿಮಾನವೂ ಹೋಯಿತು ಎನ್ನುತ್ತಾನೆ ಮನೋಲಿನ್. ಇಷ್ಟು ಹೇಳಿ ಅವಳು ‘ಸುವರ್ಣ ತ್ರಿಭುಜ’ದ ಹೆಸರೆತ್ತಿದಳು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಬೋಟು ಅದು. ಏಳು ಮಂದಿ, ಹೆಚ್ಚಿನವರು ನಮ್ಮ ಜಿಲ್ಲೆಯವರು. ಎರಡು ದಿನಕ್ಕೆ ಸಂಪರ್ಕ ತಪ್ಪಿತು. ಉಳಿದ ಬೋಟುಗಳು ಹುಡುಕಿದವು, ಕೋಸ್ಟ್ ಗಾರ್ಡ್ ಹುಡುಕಿತು, ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದು ಕೂಗಿದರು. ನೌಕಾಪಡೆಗೆ ಮಾಲ್ವಣದ ಕಡಲ ತಳದಲ್ಲಿ ಬೋಟಿನ ಅವಶೇಷ ಕಂಡದ್ದು 2019ರ ಮೇ ತಿಂಗಳಲ್ಲಿ. ಅಷ್ಟೂ ತಿಂಗಳು ನಮ್ಮ ಕೇರಿಗಳಲ್ಲಿ ಹೆಂಗಸರು ಫೋನು ಕೆಳಗಿಡಲಿಲ್ಲ ಎಂದಳು. ಹೆಮಿಂಗ್ವೆಯ ಮುದುಕ ಎಲುಬನ್ನಾದರೂ ಎಳೆದುಕೊಂಡು ಊರಿಗೆ ಬಂದ. ಅವಳ ಮಟ್ಟಿಗೆ ಇದು ಸೋಲಿನ ಕತೆಯೇ ಅಲ್ಲ, ಮನೆಗೆ ಬಂದವನ ಕತೆ.

ಅದಾದ ಮೇಲೆ ನನಗೆ ಹೆಮಿಂಗ್ವೆಯ ಹಳೆಯ ಬರಹವೊಂದು ಬೇರೆಯಾಗಿ ಕಾಣತೊಡಗಿತು. ಈ ಕತೆಯ ಬೀಜ ಅವನಿಗೆ ಮೊದಲೇ ಸಿಕ್ಕಿತ್ತು. 1936ರಲ್ಲಿ ‘ಎಸ್ಕ್ವೈರ್’ ಪತ್ರಿಕೆಗೆ ಬರೆದ ಲೇಖನದಲ್ಲಿ, ದೊಡ್ಡ ಮೀನು ಎಳೆದುಕೊಂಡು ಹೋದ ಕ್ಯೂಬಾದ ಮುದುಕನೊಬ್ಬನ ಸಂಗತಿ ಬರುತ್ತದೆ. ಅದರಲ್ಲಿ ಮುದುಕನನ್ನು ಬೇರೆ ಮೀನುಗಾರರು ಕಂಡು ಕರೆತರುತ್ತಾರೆ. ಅವರಿಗೆ ಸಿಕ್ಕಾಗ ಅವನು ದೋಣಿಯಲ್ಲಿ ಕೂತು ಅಳುತ್ತಿದ್ದ. ಹದಿನೈದು ವರ್ಷದ ಮೇಲೆ ಕಾದಂಬರಿ ಬರೆಯುವಾಗ ಹೆಮಿಂಗ್ವೆ ಆ ಅಳುವನ್ನೂ ಆ ಜನರನ್ನೂ ತೆಗೆದುಬಿಟ್ಟ. 1952ರ ಸೆಪ್ಟೆಂಬರಿನಲ್ಲಿ ‘ಲೈಫ್’ ಪತ್ರಿಕೆ ಇಡೀ ಕಾದಂಬರಿಯನ್ನು ಒಂದೇ ಸಂಚಿಕೆಯಲ್ಲಿ ಅಚ್ಚು ಹಾಕಿತು. ಎರಡು ದಿನದಲ್ಲಿ 50 ಲಕ್ಷ ಪ್ರತಿ ಹೋದವು. ಮರುವರ್ಷ ಪುಲಿಟ್ಜರ್, 1954ರಲ್ಲಿ ನೊಬೆಲ್. ಅಳುವ ಮುದುಕನಿಗೆ ಇಷ್ಟೆಲ್ಲ ಸಿಗುತ್ತಿತ್ತೇ ಎಂಬ ಅನುಮಾನ ನನಗಿದೆ. ಆದರೆ ನಮ್ಮ ಜಗಲಿಯಲ್ಲಿ ಅವನಿಗೆ ಬೇಗ ಜಾಗ ಸಿಗುತ್ತಿತ್ತು.

ನೊಬೆಲ್ ಪದಕದ ವಿಷಯಕ್ಕೆ ದಾರಿ ಮಾಡಿದವರು ಅಕ್ಕೋರು. ಅವರ ಆಕ್ಷೇಪ ಶುದ್ಧ ಕರಾವಳಿಯದು: ಮುದುಕ ಹರಕೆ ಹೇಳಿಕೊಂಡ, ತೀರಿಸಲಿಲ್ಲ. ಮೀನು ಸಿಕ್ಕರೆ ಕೋಬ್ರೆಯ ಮಾತೆಯ ಯಾತ್ರೆಗೆ ಬರುತ್ತೇನೆಂದು ಅವನು ದೋಣಿಯಲ್ಲೇ ಹೇಳಿಕೊಳ್ಳುತ್ತಾನೆ. ಮೀನೇನೋ ಸಿಕ್ಕಿತು. ಶಾರ್ಕ್ ತಿಂದದ್ದು ದೇವಿಯ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅಕ್ಕೋರ ವಾದ. ಇಡಗುಂಜಿಯ ಗಣಪತಿಗೋ ಚಂದಾವರದ ಇಗರ್ಜಿಗೋ ಹೇಳಿಕೊಂಡವರು ಹೀಗೆ ತಪ್ಪಿಸಿಕೊಳ್ಳುತ್ತಾರೆಯೇ? ಆದರೆ ಹರಕೆ ಸಂದಿದೆ. ಹೆಮಿಂಗ್ವೆ ತನ್ನ ನೊಬೆಲ್ ಪದಕವನ್ನು ಕ್ಯೂಬಾದ ಜನರಿಗೆಂದು ಕೊಟ್ಟ. ಅದು ಹೋಗಿ ಸೇರಿದ್ದು ಅದೇ ಕೋಬ್ರೆಯ ಮಾತೆಯ ಗುಡಿಗೆ. ಮುದುಕನ ಸಾಲವನ್ನು ಅವನ ಕತೆ ಬರೆದವನು ತೀರಿಸಿದ. ಇದನ್ನು ಕೇಳಿದ ಮೇಲೆಯೇ ಅಕ್ಕೋರು ಕಾದಂಬರಿಗೆ ಪಾಸು ಮಾರ್ಕು ಕೊಟ್ಟದ್ದು.

ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ನಡುವಿನ ಹೋರಾಟ, ಹಗ್ಗ ಕೊಯ್ದ ಅಂಗೈ, ನಕ್ಷತ್ರಗಳೊಡನೆ ಮಾತು, ಇವೆಲ್ಲ ಎರಡನೆಯ ಓದಿಗೆ ಸ್ವಲ್ಪ ಉದ್ದವೆನಿಸುತ್ತವೆ. ಪುಸ್ತಕದ ಜೀವ ಇರುವುದು ದಡದ ಮೇಲಿನ ಮೊದಲ ಕೆಲವು ಮತ್ತು ಕೊನೆಯ ಕೆಲವು ಪುಟಗಳಲ್ಲಿ. ಹೋಟೆಲಿನ ಮಾರ್ಟಿನ್ ಕೊಟ್ಟ ಅನ್ನ, ಕರಿ ಅವರೆ, ಹುರಿದ ಬಾಳೆಹಣ್ಣು. ಅದಕ್ಕೆ ಪ್ರತಿಯಾಗಿ ದೊಡ್ಡ ಮೀನಿನ ಹೊಟ್ಟೆಯ ಭಾಗ ಕೊಡಬೇಕೆಂದು ಮುದುಕ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವ ಲೆಕ್ಕ. ಬೆಳಗಿನ ಜಾವ ಹಾಲಿನ ಡಬ್ಬಿಯಲ್ಲಿ ಕುಡಿಯುವ ಕಾಫಿ. ಕೊನೆಗೆ ಉಳಿದ ಮೀನಿನ ತಲೆ ಪೆಡ್ರಿಕೋನ ಮೀನು ಹಿಡಿಯುವ ಕೂಳಿಗೆ, ಕತ್ತಿಯಂಥ ಮೂತಿ ಹುಡುಗನಿಗೆ ಎಂದು ಮಾಡುವ ಪಾಲು. ಏನೂ ಉಳಿಯದ ಮೀನಿನಲ್ಲೂ ಇಬ್ಬರಿಗೆ ಪಾಲು ಹಾಕಿದವನನ್ನು ಒಂಟಿ ಎನ್ನುವುದು ನನಗೆ ಕಷ್ಟ. ಮಾಸ್ತರರು ಇನ್ನೂ ಒಪ್ಪಿಲ್ಲ.

ಮುಂದಿನ ಪುಸ್ತಕ ಹರ್ಮನ್ ಮೆಲ್ವಿಲ್ಲನ ‘ಮೊಬಿ ಡಿಕ್’ ಎಂದಾಗಿದೆ. ಸಾಹೇಬರ ಸೂಚನೆ. 1851ರ ಪುಸ್ತಕ, 135 ಅಧ್ಯಾಯ. ಗಾತ್ರ ನೋಡಿಯೇ ಮಾಸ್ತರರು ಕಣ್ಣಿನ ಪೊರೆಯ ನೆವ ಹೇಳಿದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧವಿರುತ್ತದೆ, ಮನೆಯಲ್ಲಿ ಅಪ್ಪ-ಅಣ್ಣಂದಿರು ಬಲೆ ರಿಪೇರಿ ಮಾಡುತ್ತ ಕೂತಿರುತ್ತಾರೆ, ಗಟ್ಟಿಯಾಗಿ ಓದಿ ಹೇಳಿದರೆ ಅವರೂ ಕೇಳುತ್ತಾರೆ, ಆಗಲೇ ಓದೋಣ ಎಂದಳು ಹುಡುಗಿ. 61 ದಿನಕ್ಕೆ 135 ಅಧ್ಯಾಯ, ದಿನಕ್ಕೆ ಎರಡು ಮತ್ತು ಚಿಲ್ಲರೆ. ಲೆಕ್ಕ ನಾನೇ ಹಾಕಿಕೊಟ್ಟೆ. ತಿಮಿಂಗಿಲದ ಅರ್ಥ ತಾನೇ ಹೇಳುವುದು ಎಂದು ಭಟ್ಟರು ಈಗಲೇ ಪಟ್ಟು ಹಿಡಿದಿದ್ದಾರೆ. ಅಕ್ಕೋರೂ ಅದನ್ನೇ ಕೇಳುತ್ತಿದ್ದಾರೆ.