ಪರದೇಶದ ಕಟಕಟೆಯಲ್ಲಿ ನಮ್ಮ ಮನೆಯ ಮಗ



ಗುರು ಬಸವಣ್ಣನವರ ವಚನಗಳಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠವಾಗಿರುವ ಒಂದು ವಚನವಿದೆ. ಅಪರಿಚಿತನನ್ನು ಯಾರ ಕಡೆಯವನೆಂದು ವಿಚಾರಿಸದೆ ಮನೆಯ ಮಗನೆಂದು ಎಣಿಸಬೇಕೆಂಬುದು ಅದರ ತಾತ್ಪರ್ಯವೆಂದು ನಾವು ಹೇಳುತ್ತೇವೆ. ಮನೆಯ ಯಜಮಾನನಿಗೆ ಹೇಳಿದ ಬುದ್ಧಿಮಾತೆಂದು ಅದನ್ನು ಓದುತ್ತೇವೆ. ಆದರೆ ನಿಧಾನವಾಗಿ ಓದಿದರೆ, ಅಲ್ಲಿ ಬೇಡುತ್ತಿರುವವನು ಹೊಸ್ತಿಲ ಒಳಗಿಲ್ಲ, ಹೊರಗಿದ್ದಾನೆ. ತನ್ನನ್ನು ಪರಕೀಯನೆನ್ನದೆ ಮನೆಯವನೆನ್ನುವಂತೆ ಮಾಡೆಂದು ಕೂಡಲಸಂಗಮದೇವನಲ್ಲಿ ಮೊರೆಯಿಡುತ್ತಿದ್ದಾನೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಆ ವಚನದಲ್ಲಿ ದಿಕ್ಕಿಲ್ಲದವನ ಸ್ಥಾನದಲ್ಲಿ ತಾವೇ ನಿಂತುಕೊಂಡರು.

ಈ ಮೊರೆ ಇಂದು ಎಲ್ಲಿಂದ ಕೇಳಿಬರುತ್ತಿದೆ? ಕಳೆದ ಶ್ರಾವಣದಲ್ಲಿ ಪ್ರವಚನ ಮುಗಿದ ಮೇಲೆ ಬನಹಟ್ಟಿಯ ನೇಕಾರರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮ ಹುಡುಗ ದುಬೈಗೆ ಹೊಂಟಾನ್ರಿ. ಅಲ್ಲೇನರ ಕೇಸಿನ್ಯಾಗ ಸಿಕ್ಕೊಂಡ್ರ ಅವನ ಮಾತು ಕೇಳಾವ್ರು ಯಾರ್ರೀ?" ಎಂದು ಕೇಳಿದರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಜನರಿಗೆ ದುಡಿಮೆಗಾಗಿ ಊರು ಬಿಡುವುದು ಹೊಸದೇನಲ್ಲ. ಮಗ್ಗ ನಿಂತಾಗ ಇಚಲಕರಂಜಿಗೆ, ಸೊಲ್ಲಾಪುರಕ್ಕೆ ಹೋದರು. ಮಳೆ ಕೈಕೊಟ್ಟಾಗ ಗೋವೆಗೆ ಹೋದರು. ಅಲ್ಲಿ ತೊಂದರೆಯಾದರೆ ಊರಿನವರು ರಾತ್ರಿ ಬಸ್ಸು ಹಿಡಿದು ಬೆಳಗಾಗುವುದರೊಳಗೆ ತಲುಪಬಹುದಾಗಿತ್ತು. ಕಡಲಿನಾಚೆಗೆ ಆ ಬಸ್ಸಿಲ್ಲ.

2025ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರವು ರಾಜ್ಯಸಭೆಗೆ ನೀಡಿದ ಉತ್ತರದ ಪ್ರಕಾರ, ಎಂಟು ದೇಶಗಳಲ್ಲಿ 49 ಭಾರತೀಯರು ಮರಣದಂಡನೆಗೆ ಗುರಿಯಾಗಿದ್ದರು. ಅವರಲ್ಲಿ 25 ಮಂದಿ ಸಂಯುಕ್ತ ಅರಬ್ ಸಂಸ್ಥಾನದಲ್ಲಿ, 11 ಮಂದಿ ಸೌದಿ ಅರೇಬಿಯಾದಲ್ಲಿ ಇದ್ದರು. ಅದೇ ತಿಂಗಳು ಉತ್ತರ ಪ್ರದೇಶದ ಬಾಂದಾ ಜಿಲ್ಲೆಯ ತಂದೆಯೊಬ್ಬರು ತಮ್ಮ ಮಗಳು ಬದುಕಿದ್ದಾಳೆಯೇ ಇಲ್ಲವೇ ಎಂದು ತಿಳಿಯಲು ದೆಹಲಿಯ ಹೈಕೋರ್ಟಿನ ಬಾಗಿಲು ತಟ್ಟಿದ್ದರು. ಅಬುಧಾಬಿಯಲ್ಲಿ ಮಗುವೊಂದನ್ನು ನೋಡಿಕೊಳ್ಳುತ್ತಿದ್ದ ಆಕೆಗೆ ಆ ಮಗುವಿನ ಸಾವಿನ ಪ್ರಕರಣದಲ್ಲಿ ಮರಣದಂಡನೆಯಾಗಿತ್ತು. ಲಸಿಕೆ ಹಾಕಿಸಿದ ದಿನ ಮಗು ತೀರಿಕೊಂಡಿತೆಂದೂ, ತಪ್ಪೊಪ್ಪಿಗೆಯನ್ನು ಬಲವಂತದಿಂದ ಪಡೆಯಲಾಯಿತೆಂದೂ ಮನೆಯವರು ಹೇಳುತ್ತಿದ್ದರು. ಫೆಬ್ರುವರಿ 15ರಂದೇ ಶಿಕ್ಷೆ ಜಾರಿಯಾಗಿದೆ ಎಂಬ ಮಾತು ಮಾರ್ಚ್ 3ರಂದು ನ್ಯಾಯಾಲಯದಲ್ಲಿ ಹೊರಬಿತ್ತು. ಎರಡು ವಾರಕ್ಕೂ ಹೆಚ್ಚು ಕಾಲ ಒಂದು ಮನೆ, ಇಲ್ಲದ ಮಗಳಿಗಾಗಿ ಹರಕೆ ಹೊತ್ತು ಕುಳಿತಿತ್ತು.

ನಮ್ಮ ಕರ್ನಾಟಕದ ಉದಾಹರಣೆಯೂ ಇದೆ. ಉಡುಪಿ ಜಿಲ್ಲೆಯಿಂದ ಸೌದಿಗೆ ಹೋಗಿ ದುಡಿಯುತ್ತಿದ್ದ ಒಬ್ಬರನ್ನು 2019ರ ಡಿಸೆಂಬರಿನಲ್ಲಿ ಬಂಧಿಸಲಾಯಿತು. ಅಲ್ಲಿನ ಯುವರಾಜರನ್ನೂ ಮೆಕ್ಕಾ ಕ್ಷೇತ್ರವನ್ನೂ ನಿಂದಿಸುವ ಬರಹವು ಅವರ ಹೆಸರಿನ ಫೇಸ್‌ಬುಕ್ ಖಾತೆಯಲ್ಲಿತ್ತು. ಆ ಖಾತೆ ನಕಲಿ, ಬೇರೆಯವರು ಮಾಡಿದ್ದೆಂದು ಊರಿನಲ್ಲಿದ್ದ ಮಡದಿ ದೂರು ಕೊಟ್ಟರು. ಉಡುಪಿಯ ಪೊಲೀಸರು ತನಿಖೆ ನಡೆಸಿ ಮೂಡುಬಿದಿರೆ ಕಡೆಯ ಇಬ್ಬರನ್ನು ಬಂಧಿಸಿದರು. ಆ ತನಿಖೆಯ ಕಾಗದಪತ್ರಗಳು ಕಡಲು ದಾಟಿ, ಅವರು 2021ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಿಳಿದರು. ಅವರಿಗೆ ಮರಣದಂಡನೆ ವಿಧಿಸಿರಲಿಲ್ಲ ನಿಜ. ಆದರೂ ಒಬ್ಬ ಗೃಹಿಣಿಯ ಹಟವಿಲ್ಲದಿದ್ದರೆ ಅವರ ನಿರಪರಾಧವನ್ನು ಅಲ್ಲಿ ಯಾರು ಹೇಳುತ್ತಿದ್ದರು?

ಅನ್ಯಾಯವಾಗುವುದು ತೀರ್ಪಿನ ದಿನ ಮಾತ್ರವಲ್ಲ. ಬಂಧನದ ಮೊದಲ ದಿನವೇ ಅದು ಆರಂಭವಾಗುತ್ತದೆ. ಹೇಳಿಕೆ ಅರಬ್ಬಿಯಲ್ಲಿ ಬರೆಯಲ್ಪಡುತ್ತದೆ. ಓದಲು ಬಾರದವನು ಹೆಬ್ಬೆಟ್ಟು ಒತ್ತುತ್ತಾನೆ. ಪಾಸ್‌ಪೋರ್ಟು ಎಷ್ಟೋ ಸಲ ಮಾಲೀಕನ ಪೆಟ್ಟಿಗೆಯಲ್ಲಿರುತ್ತದೆ. ಬಂಧಿತನಾದ ವಿದೇಶೀಯನಿಗೆ ತನ್ನ ದೇಶದ ರಾಯಭಾರ ಕಚೇರಿಯನ್ನು ಸಂಪರ್ಕಿಸುವ ಹಕ್ಕಿದೆಯೆಂದು ತಡಮಾಡದೆ ತಿಳಿಸಬೇಕೆಂದು 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿ ಹೇಳುತ್ತದೆ. ಆ ಹಕ್ಕು ತನಗಿದೆಯೆಂದು ಅರಿಯದವನು ಅದನ್ನು ಕೇಳುವುದಾದರೂ ಹೇಗೆ?

ಶರಣ ಪರಂಪರೆಗೆ ಈ ನೋವು ಅಪರಿಚಿತವಲ್ಲ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾದಾಗ, ಆ ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಅಲ್ಲಿ ದೂರು ಕೊಟ್ಟವರ ಮಾತು ಅರಮನೆಗೆ ಕೇಳಿತು, ಶರಣರ ಮಾತು ಕೇಳಲಿಲ್ಲ. ನಮ್ಮ ನೆಲದ ನೆನಪೂ ಹಾಗೆಯೇ ಇದೆ. ಆಯುಧ ಒಪ್ಪಿಸಲು ನಿರಾಕರಿಸಿದ ಮುಧೋಳ ಸೀಮೆಯ ಹಲಗಲಿಯ ಬೇಡರ ಮೇಲೆ 1857ರ ನವೆಂಬರ್ ಕೊನೆಯಲ್ಲಿ ದಾಳಿ ನಡೆಯಿತು. ಡಿಸೆಂಬರ್ 11ರಂದು ಮುಧೋಳದ ಸಂತೆಯ ದಿನ 13 ಮಂದಿಯನ್ನು, 14ರಂದು ಹಲಗಲಿಯಲ್ಲಿ 6 ಮಂದಿಯನ್ನು ಗಲ್ಲಿಗೇರಿಸಿದರು. ಹಿಡಿದವರನ್ನು ನೇಣಿಗೆ ಒಯ್ಯುವಷ್ಟರಲ್ಲಿ ಅವರ ಅಹವಾಲನ್ನು ಕೇಳುವ ವ್ಯವಧಾನ ಆಳುವವರಿಗೆ ಎಲ್ಲಿತ್ತು? ಸೆರೆಯಲ್ಲಿಟ್ಟವನನ್ನು ತಡವಾಗಿಯಾದರೂ ಬಿಡಬಹುದು, ನೇಣಿಗೇರಿಸಿದವನನ್ನು ಮರಳಿ ಕರೆಯಲಾಗದು.

ಹಾಗೆಂದು ಪರದೇಶದ ಸೆರೆಮನೆಯಲ್ಲಿರುವ ನಮ್ಮವರೆಲ್ಲರೂ ನಿರಪರಾಧಿಗಳೆಂದು ನಾನು ಹೇಳುತ್ತಿಲ್ಲ. ಸತ್ತವನಿಗೂ ತಾಯಿಯಿದ್ದಾಳೆ, ಅವಳ ಕಣ್ಣೀರಿಗೂ ಬೆಲೆಯಿದೆ. ಅಲ್ಲಿನ ಧರ್ಮಶಾಸ್ತ್ರದಲ್ಲಿಯೂ ಕ್ಷಮೆಗೆ ದಾರಿಯಿದೆ. ಸತ್ತವನ ಮನೆಯವರು ದಿಯಾ ಎಂಬ ಪರಿಹಾರಧನವನ್ನು ಸ್ವೀಕರಿಸಿ ಪ್ರಾಣ ಉಳಿಸಬಹುದು. ಶಾರ್ಜಾದಲ್ಲಿ 2010ರಲ್ಲಿ ಮರಣದಂಡನೆಗೆ ಗುರಿಯಾಗಿದ್ದ 17 ಭಾರತೀಯ ಕೂಲಿಕಾರರು ಹೀಗೆಯೇ ಉಳಿದು 2013ರಲ್ಲಿ ಮನೆ ಸೇರಿದರು. ಸತ್ತವನು ಪಾಕಿಸ್ತಾನದವನು, ಅವನ ಮನೆಯವರು ಭಾರತೀಯರನ್ನು ಕ್ಷಮಿಸಿದರು. ದಯೆಗೆ ಗಡಿಯಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಆ ನೇಕಾರ ತಂದೆಗೆ ನಾನು ಹೇಳಿದ್ದಿಷ್ಟು. ಮಗನ ಪಾಸ್‌ಪೋರ್ಟು, ವೀಸಾ, ಕೆಲಸದ ಕರಾರು ಇವುಗಳ ಪ್ರತಿ ಮನೆಯಲ್ಲಿರಲಿ. ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆ ಅವನಿಗೆ ಬಾಯಿಪಾಠವಾಗಿರಲಿ. ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಹಾಕದೆ ದುಭಾಷಿಯನ್ನು ಕೇಳಲಿ. ತೊಂದರೆಯಾದರೆ ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ಮನೆಯವರೇ ದೂರು ದಾಖಲಿಸಬಹುದು. ಅರ್ಹರಾದ ಬಡವರಿಗೆ ವಕೀಲರ ವೆಚ್ಚಕ್ಕೆ ನೆರವಾಗಲು ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡುವುದು ಮಠದ ಭಕ್ತರಾದ ನಮ್ಮ ಕೆಲಸ. ಇದು ದಾಸೋಹವೇ, ಅಕ್ಷರದ ದಾಸೋಹ.

ಇನ್ನೊಂದು ಮಾತು. ಮರುಳಶಂಕರದೇವರು ದೂರದೇಶದಿಂದ ಕಲ್ಯಾಣಕ್ಕೆ ಬಂದು, ಹನ್ನೆರಡು ವರ್ಷ ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲೇ ಇದ್ದರೂ ಯಾರ ಕಣ್ಣಿಗೂ ಬೀಳಲಿಲ್ಲವೆಂದು ಶೂನ್ಯಸಂಪಾದನೆ ಹೇಳುತ್ತದೆ. ಅಲ್ಲಮಪ್ರಭುಗಳು ಬಂದು ಗುರುತಿಸಬೇಕಾಯಿತು. ನಮ್ಮ ಊರುಗಳಿಗೂ ಪರರಾಜ್ಯದಿಂದ ದುಡಿಯಲು ಬಂದವರಿದ್ದಾರೆ. ಕಳ್ಳತನವಾದರೆ ಮೊದಲು ಅವರತ್ತ ಬೆರಳು ತೋರಿಸುವವರು ನಾವೇ ಅಲ್ಲವೇ? ಅವರ ಮಾತನ್ನು ಕೇಳದೆ ತೀರ್ಪು ಕೊಡುವ ಬಾಯಿಂದ, ನಮ್ಮ ಮಗನ ಮಾತನ್ನು ಕೇಳಿರೆಂದು ಪರದೇಶದ ನ್ಯಾಯಾಧೀಶನನ್ನು ಬೇಡುವ ಅಧಿಕಾರ ನಮಗೆ ಎಲ್ಲಿಯದು?

ಇಂದಿನ ಲಿಂಗಪೂಜೆಯ ವೇಳೆಯಲ್ಲಿ ತಿಳಿಯದ ಭಾಷೆಯ ಮುಂದೆ ಕೈಕಟ್ಟಿ ನಿಂತವರನ್ನು ಒಂದು ಕ್ಷಣ ನೆನೆಯೋಣ. ಅವರು ಯಾವ ನಾಡಿನವರಾದರೂ ಆಗಿರಲಿ.