ಮೊರದೊಳಗಿನ ಪುಸ್ತಕ

ನಮ್ಮ ಮನೆಯಲ್ಲಿ ಪುಸ್ತಕದ ಬೀರು ಅಂತ ಒಂದು ಇರಲಿಲ್ಲ. ಆದರೆ ಪುಸ್ತಕಗಳಿದ್ದವು. ಹಾಸಿಗೆ ಸುರುಳಿಯ ಒಳಗೆ, ಅಕ್ಕಿ ಡಬ್ಬದ ಹಿಂದೆ, ಹೊಲಿಗೆ ಮೆಷಿನ್ನಿನ ಖಾನೆಯಲ್ಲಿ. ತಿಪಟೂರಿನ ಆ ಮನೆಯಲ್ಲಿ ಅಮ್ಮ ಓದುವುದಕ್ಕೆಂದೇ ಕೂತದ್ದನ್ನು ನಾನು ಕಂಡಿಲ್ಲ. ಅಕ್ಕಿ ಆರಿಸುವಾಗ ಮೊರದ ಅಂಚಿಗೆ ಒಂದು ಪುಸ್ತಕ ಒರಗಿರುತ್ತಿತ್ತು. ಒಂದು ಕಣ್ಣು ಕಲ್ಲಿನ ಮೇಲೆ, ಒಂದು ಕಣ್ಣು ಕಥೆಯ ಮೇಲೆ. ಅಜ್ಜಿಯ ಹೆಜ್ಜೆ ಸಪ್ಪಳ ಕೇಳಿತೋ, ಪುಸ್ತಕ ಸೆರಗಿನ ಮರೆಗೆ! ಅನ್ನದಲ್ಲಿ ಕಲ್ಲು ಸಿಕ್ಕ ದಿನ ಅಪ್ಪ, "ಇವತ್ತಿನ ಅಧ್ಯಾಯ ಭಾರೀ ಸ್ವಾರಸ್ಯವಾಗಿತ್ತು ಅಂತ ಕಾಣುತ್ತೆ" ಎನ್ನುತ್ತಿದ್ದರು. ಅಪ್ಪ ಬೈಯುವವರಲ್ಲ, ಪುಸ್ತಕ ತಂದುಕೊಡುವವರೂ ಅಲ್ಲ.

ತರುವ ಕೆಲಸ ನನ್ನದು. ಪೇಟೆಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ದಿನಕ್ಕೆ 10 ಪೈಸೆ ಬಾಡಿಗೆ. ಎರಡು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ನಮಗೆ ದುಬಾರಿ. ಸುಧಾ, ಮಯೂರ ಎದುರುಮನೆಯಿಂದ ಬರುತ್ತಿದ್ದವು. ಓದಿ ಹಿಂದಿರುಗಿಸುವಾಗ ಎದುರುಮನೆಯವರು ಧಾರಾವಾಹಿಯ ಹಾಳೆಗಳನ್ನು ಬಿಡಿಸಿಟ್ಟುಕೊಂಡು ದಬ್ಬಳದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದರು. ಹಾಗೆ ಹೊಲಿದ ಪುಸ್ತಕದ ಹಿಂಬದಿಯಲ್ಲಿ ಅರ್ಧ ಕೋಸಂಬರಿ, ಕಾಲು ಸ್ವೆಟರು ಇರುತ್ತಿದ್ದವು. ಬಾಡಿಗೆ ಪುಸ್ತಕಗಳಲ್ಲಿ ಎಷ್ಟೋ ಸಲ ಕೊನೆಯ ಹಾಳೆಯೇ ಇರುತ್ತಿರಲಿಲ್ಲ. ಅಮ್ಮನಿಗೆ ಅದರಿಂದ ಬೇಸರವಾಗಿದ್ದು ನಾನು ನೋಡಲಿಲ್ಲ. ಮಧ್ಯಾಹ್ನ ಹಿತ್ತಿಲ ಜಗಲಿಯಲ್ಲಿ ನಾಲ್ಕು ಜನ ಸೇರಿ ಆ ಹುಡುಗಿಗೆ ಮುಂದೇನಾಯಿತು ಎಂದು ಅವರೇ ತೀರ್ಮಾನ ಮಾಡುತ್ತಿದ್ದರು.

ಕೊನೆಯ ಹಾಳೆ ಇದ್ದ ಪುಸ್ತಕಗಳಿಗೂ ಈ ಜಗಲಿಯ ತೀರ್ಪು ತಪ್ಪುತ್ತಿರಲಿಲ್ಲ ಅನ್ನಿ. ತ್ರಿವೇಣಿಯವರ 'ಬೆಳ್ಳಿಮೋಡ'ದ ಮೇಲೆ ನಡೆದಷ್ಟು ಜಗಳ ನಮ್ಮ ಬೀದಿಯಲ್ಲಿ ನಲ್ಲಿ ನೀರಿಗೂ ನಡೆದಿಲ್ಲ. ಆಸ್ತಿಗೆ ವಾರಸುದಾರ ಹುಟ್ಟಿದ ಕೂಡಲೇ ಮದುವೆ ಬೇಡವೆಂದ ಮೋಹನ, ಮುಂದೆ ಕಾಲು ಮುರಿದುಕೊಂಡು ಅದೇ ಮನೆಯಲ್ಲಿ ಮಲಗುತ್ತಾನೆ. ಇಂದಿರೆಯ ಆರೈಕೆ ಕಂಡು ಮನಸ್ಸು ಬದಲಾಯಿಸುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. "ಗಂಡಸು ತಾನಾಗಿ ತಗ್ಗಿ ಬಂದಾಗ ಹೆಣ್ಣು ಇಷ್ಟು ಬಿಗಿಯಬಾರದು" ಎಂದು ಎದುರುಮನೆಯವರು. "ಕಾಲು ಮುರಿಯದೇ ಇದ್ದಿದ್ದರೆ ಬರ್ತಿದ್ದನೇನ್ರೀ?" ಎಂದು ಅಮ್ಮ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು. ಕಲ್ಪನಾ ಇಂದಿರೆಯಾದರು. ಜಗಳಕ್ಕೆ ಹೊಸ ಸಾಕ್ಷಿ ಸಿಕ್ಕಂತಾಯಿತೇ ಹೊರತು ತೀರ್ಮಾನವಾಗಲಿಲ್ಲ.

ಅಜ್ಜಿಗೆ ಈ ಕಾದಂಬರಿಗಳೆಂದರೆ ತಾತ್ಸಾರ. ಅವಳಿಗೆ ಓದು ಬರುತ್ತಿರಲಿಲ್ಲ. ಕಥೆ ಮಾತ್ರ ಕಣಜದ ತುಂಬ ಇತ್ತು. ಅವರೆಕಾಯಿ ಕಾಲದಲ್ಲಿ ರಾತ್ರಿ ಎಲ್ಲರೂ ಕೂತು ಬೇಳೆ ಹಿಚುಕುವಾಗ ಹೇಳುತ್ತಿದ್ದಳು. ನನಗೆ ಬಹಳ ಇಷ್ಟವಾದದ್ದು ಒಂದು ಕಥೆ, ಒಂದು ಹಾಡು ಗೊತ್ತಿದ್ದ ಹೆಂಗಸಿನದು. ಅವಳು ಅವನ್ನು ಯಾರಿಗೂ ಹೇಳಲೊಲ್ಲಳು. ಒಳಗೇ ಕೂತು ಕೂತು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ನೆಗೆದವು. ಕಥೆ ಒಂದು ಜೊತೆ ಮೆಟ್ಟಾಗಿ ಬಾಗಿಲ ಬಳಿ ಕೂತಿತು, ಹಾಡು ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದ. ಇದು ಯಾವ ಗಂಡಸಿನ ಮೆಟ್ಟು, ಯಾವನ ಕೋಟು ಎಂದ. ಅವಳಿಗೇನು ಗೊತ್ತು! ಜಗಳವಾಗಿ ಅವನು ಕಂಬಳಿ ಹೊದ್ದು ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ದೀಪಗಳೆಲ್ಲ ಆರಿದ ಮೇಲೆ ರಾತ್ರಿ ಅಲ್ಲಿ ಸೇರಿ ಹರಟೆ ಹೊಡೆಯುತ್ತವಂತೆ. ತಡವಾಗಿ ಬಂದದ್ದು ಅವನ ಮನೆಯದೇ ದೀಪ. ಅದರ ಬಾಯಿಂದ ಅವನಿಗೆ ನಿಜ ತಿಳಿಯಿತು. "ಆಮೇಲೆ?" ಎಂದರೆ ಅಜ್ಜಿ, "ಆಮೇಲೇನು, ಬುದ್ಧಿ ಬಂತು, ಮನೆಗೆ ಬಂದ. ಬೇಳೆ ಹಿಚುಕು" ಎನ್ನುತ್ತಿದ್ದಳು.

ಈ ಕಥೆಯನ್ನು ಅಜ್ಜಿ ನಮಗೆ ಹೇಳುತ್ತಿದ್ದಳೋ, ಮೂಲೆಯಲ್ಲಿ ಕೂತಿದ್ದ ಅಮ್ಮನಿಗೆ ಹೇಳುತ್ತಿದ್ದಳೋ ಎಂದು ಈಗ ಅನುಮಾನ ಬರುತ್ತದೆ.

ಏಕೆಂದರೆ 1968ರಲ್ಲಿ, ನನಗೆ ಏಳು ವರ್ಷವಾಗಿದ್ದಾಗ, ತಮ್ಮ ಹುಟ್ಟಿದ. ಆಮೇಲಿನ ಕೆಲವು ತಿಂಗಳು ಅಮ್ಮ ಅಮ್ಮನಾಗಿರಲಿಲ್ಲ. ಮಗು ಅತ್ತರೆ ಎತ್ತಿಕೊಳ್ಳುತ್ತಿರಲಿಲ್ಲ. ಹಿತ್ತಿಲ ಜಗಲಿಯ ಮೇಲೆ ತಲೆ ಬಾಚದೆ ಕೂತಿರುತ್ತಿದ್ದಳು. ಅಕ್ಕಿಯನ್ನು ಅಜ್ಜಿಯೇ ಆರಿಸುತ್ತಿದ್ದಳು, ಮೊರದಲ್ಲಿ ಪುಸ್ತಕ ಇರುತ್ತಿರಲಿಲ್ಲ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿದರು. ನೆಂಟರು ಬಂದರೆ ಅವಳನ್ನು ಒಳಕೋಣೆಗೆ ಕಳಿಸುತ್ತಿದ್ದರು. ನಾನು ಕೇಳಿದರೆ "ಅಮ್ಮನಿಗೆ ನಿಶ್ಶಕ್ತಿ" ಎಂಬುದಷ್ಟೇ ಉತ್ತರ. ಒಂದು ದಿನ ಶಾಲೆಯಿಂದ ಬಂದಾಗ ಮೊರದ ಅಂಚಿಗೆ ಪುಸ್ತಕ ಒರಗಿತ್ತು. ಯಾವ ಪುಸ್ತಕವೋ ನೆನಪಿಲ್ಲ, ಖಾಕಿ ಕಾಗದದ ಹೊದಿಕೆ ನೆನಪಿದೆ. ಆ ವಿಷಯ ಮತ್ತೆ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

1971ರಲ್ಲಿ 'ಶರಪಂಜರ' ತೆರೆಗೆ ಬಂತು. ನಮ್ಮ ಟೆಂಟಿಗೆ ಬರುವ ಹೊತ್ತಿಗೆ ಮುಂದಿನ ವರ್ಷ. ಘಂಟಸಾಲರ ವೆಂಕಟೇಶನ ಹಾಡು ಕೇಳಿತೆಂದರೆ ಆಟ ಶುರು ಎಂದರ್ಥ. ನಾವು ಓಡಿ ಹೋಗಿ ಹೆಂಗಸರ ಬೆಂಚಿನಲ್ಲಿ ಜಾಗ ಹಿಡಿದೆವು. ಹೆರಿಗೆಯ ನಂತರ ಬುದ್ಧಿ ಕದಡಿದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬರುತ್ತಾಳೆ. ಆದರೆ ಅವಳು ಜೋರಾಗಿ ನಕ್ಕರೂ ಸುಮ್ಮನೆ ಕೂತರೂ ಸುತ್ತಲಿನವರಿಗೆ ಅದು ಹುಚ್ಚಿನ ಗುರುತೇ. ಬೆಂಚಿನ ತುಂಬ ಮೂಗು ಸೀಟುವ ಸದ್ದು. ಅಮ್ಮ ಮಾತ್ರ ಅಳಲಿಲ್ಲ. ಮನೆಗೆ ನಡೆದು ಬರುವಾಗ ಎಲ್ಲರಿಗಿಂತ ಹಿಂದೆ ಉಳಿದು, ನನ್ನ ಕೈ ಹಿಡಿದು, "ಆ ಹುಡುಗಿ ಸರಿಯಾಗೇ ಇದ್ದಳು ಕಣೆ. ನೋಡೋರ ಕಣ್ಣು ಸರಿ ಇರಲಿಲ್ಲ" ಎಂದಳು. ಹನ್ನೊಂದು ವರ್ಷದ ನಾನು ಸಿನಿಮಾದ ಮಾತು ಎಂದುಕೊಂಡೆ.

ತ್ರಿವೇಣಿ ಮನಃಶಾಸ್ತ್ರ ಓದಿದವರು. ಮನಸ್ಸಿನ ಕಾಯಿಲೆ ದೆವ್ವವೂ ಅಲ್ಲ, ಪಾಪದ ಫಲವೂ ಅಲ್ಲ ಎಂದು ಅಡುಗೆಮನೆಯ ಹೆಂಗಸರಿಗೆ ಅರ್ಥವಾಗುವಂತೆ ಬರೆದರು. ಅವರೇ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇನ್ನೂ ಮೂವತ್ತೈದು ತುಂಬಿರಲಿಲ್ಲ. ಹಳಬರು ಬಾಣಂತಿ ಸನ್ನಿ ಎನ್ನುತ್ತಿದ್ದುದಕ್ಕೂ, ಅದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಕಾಡುವ ಹೆರಿಗೆಯ ನಂತರದ ಖಿನ್ನತೆಗೂ ಈಗ ಚಿಕಿತ್ಸೆ ಇದೆ. ತಾಯತ ಇಂದಿಗೂ ಇದೆ, ಆ ಮಾತು ಬೇರೆ.

1985ರಲ್ಲಿ ನನಗೆ ಮಗಳು ಹುಟ್ಟಿದಳು. ಬಾಣಂತಿ ಕೋಣೆಯ ಕತ್ತಲು, ಸಾಂಬ್ರಾಣಿ ಹೊಗೆ. ಮಗು ಹಗಲೆಲ್ಲ ಮಲಗಿ ರಾತ್ರಿ ಎಚ್ಚರವಿರುತ್ತಿತ್ತು. ಒಂದು ರಾತ್ರಿ ನಾನು ಕಾರಣವಿಲ್ಲದೆ ಅಳುತ್ತಿದ್ದೆ. ಅಮ್ಮ ಸಮಾಧಾನ ಹೇಳಲಿಲ್ಲ. ಮಗುವನ್ನು ಕಾಲ ಮೇಲೆ ಹಾಕಿಕೊಂಡು, "ಒಂದೂರಲ್ಲಿ ಒಬ್ಬ ಹೆಂಗಸಿದ್ದಳು" ಎಂದು ಶುರು ಮಾಡಿದಳು. ಅಜ್ಜಿಯ ಕಥೆಯಿರಬೇಕೆಂದು ನಾನು ಹ್ಞೂಂ ಎಂದೆ. ಆ ಹೆಂಗಸಿಗೆ ಮೂರನೆಯ ಮಗು ಹುಟ್ಟಿತು. ಹ್ಞೂಂ. ಮಗುವಿನ ಮುಖ ನೋಡಿದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಹ್ಞೂಂ. ಬಾವಿಕಟ್ಟೆಯ ತನಕ ಹೋಗಿ ಎರಡು ಸಲ ವಾಪಸ್ಸು ಬಂದಳು. ನಾನು ಹ್ಞೂಂ ಅನ್ನಲಿಲ್ಲ. "ಹ್ಞೂಂ ಅನ್ನು, ಇಲ್ಲದಿದ್ದರೆ ಹೇಳೋಕಾಗಲ್ಲ" ಎಂದಳು ಅಮ್ಮ. ಬೆಳಗಿನ ಜಾವ ಹಾಲಿನವನು ಬರುವವರೆಗೂ ಹೇಳಿದಳು. ಕೊನೆಯವರೆಗೂ "ನಾನು" ಎನ್ನಲಿಲ್ಲ, "ಅವಳು" ಎಂದೇ ಹೇಳಿದಳು.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಬಂದ ಕಾದಂಬರಿ. ಬಾಲವಿಧವೆಯಾಗಿದ್ದ ನಿಜವಾದ ಹೆಂಗಸೊಬ್ಬಳು ಇಂದಿರಾ ಅವರ ತಾಯಿಯ ಮುಂದೆ ಹೇಳಿಕೊಂಡದ್ದು ಮಗಳ ಕಿವಿಗೂ ಬಿದ್ದು, ಎಷ್ಟೋ ವರ್ಷಗಳ ಮೇಲೆ ಪುಸ್ತಕವಾಯಿತು. ಇಂದಿರಾ ಕಾದಂಬರಿ ಬರೆಯಲು ಕೂತದ್ದೇ ನಲವತ್ತೈದು ದಾಟುವ ವಯಸ್ಸಿಗೆ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದ್ದನ್ನು ನಾನು ಬಹಳ ತಡವಾಗಿ ಟೀವಿಯಲ್ಲಿ ನೋಡಿದೆ. ಎಲ್.ವಿ. ಶಾರದಾ ಅವರ ಮುಖ ಮರೆಯಲಾಗದ್ದು. ಆದರೂ ನನಗೆ ಪುಸ್ತಕವೇ ಹೆಚ್ಚು. ಅದರಲ್ಲಿ ಹೆಂಗಸರು ಮಾತಾಡಿಕೊಳ್ಳುವ ಸದ್ದು ಇದೆ.

ಅಂದು ಕಾಲ ಮೇಲೆ ಮಲಗಿದ್ದ ಮಗಳು ಕಾಲೇಜು ಸೇರಿದ ಮೇಲೆ ಲೈಬ್ರರಿಯಿಂದ ಎ.ಕೆ. ರಾಮಾನುಜನ್ ಅವರ ಜಾನಪದ ಕಥೆಗಳ ಇಂಗ್ಲಿಷ್ ಪುಸ್ತಕ ತಂದಳು. 1991ರಲ್ಲಿ ಅಚ್ಚಾದದ್ದು. ತೆರೆದರೆ ನಮ್ಮ ಅಜ್ಜಿಯ ಕಥೆ! ಮೆಟ್ಟು, ಕೋಟು, ಹನುಮಂತನ ಗುಡಿ, ಹರಟುವ ದೀಪಗಳು. ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ಗುಡಿಗೆ ಬರುವ ದೀಪಗಳೂ ಇವೇ. ಓದು ಬಾರದ ಅಜ್ಜಿಯ ಕಥೆ ಅಮೆರಿಕದ ಪ್ರೊಫೆಸರರ ಪುಸ್ತಕದಲ್ಲಿ ಕೂತದ್ದು ನೋಡಿ ನನಗೆ ನಗುವೇ ಬಂತು.

ಆದರೆ ಅಜ್ಜಿ ಹೇಳದ ಒಂದು ತುದಿ ಅಲ್ಲಿತ್ತು. ಗಂಡ ಮನೆಗೆ ಬಂದು ಹೆಂಡತಿಯನ್ನು ಅವಳ ಕಥೆ, ಹಾಡಿನ ಬಗ್ಗೆ ಕೇಳುತ್ತಾನೆ. ಯಾವ ಕಥೆ, ಯಾವ ಹಾಡು ಎನ್ನುತ್ತಾಳೆ ಅವಳು. ಎರಡನ್ನೂ ಮರೆತುಬಿಟ್ಟಿರುತ್ತಾಳೆ.

ಅಮ್ಮನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಆಗ ಅವಳಿಗೆ ಕಣ್ಣಿನ ಪೊರೆ, ಓದಲು ಆಗುತ್ತಿರಲಿಲ್ಲ. ಕೈಯಲ್ಲಿ ಮೆಂತ್ಯದ ಸೊಪ್ಪಿತ್ತು. ಬಿಡಿಸುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದಳು.

"ಮರೆತಿರೋದಿಲ್ಲ" ಎಂದಳು. "ಕೇಳಿದವನು ಗಂಡ ಅಲ್ವಾ, ಅದಕ್ಕೆ ಹಾಗಂದಳು. ಮಗಳಿದ್ದಿದ್ದರೆ ಹೇಳ್ತಿದ್ದಳು."